ಒಂದೇ ಹಾಳೆಯ ರಿಪೋರ್ಟು

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ನಾರ್ಮಲಣ್ಣ ಎಂದರೆ ಅಂಚೆಯವನೂ ತಡವರಿಸದೆ ಮನೆ ತೋರಿಸುತ್ತಿದ್ದ. ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಅವನು ರಿಪೋರ್ಟು ಟೈಪು ಮಾಡುತ್ತಿದ್ದ. ಅವನ ಕೋಣೆಗೆ ಕಿಟಕಿಯಿಲ್ಲ. ಒಂದು ಪಕ್ಕ ಫ್ರಿಜ್ಜು, ಇನ್ನೊಂದು ಪಕ್ಕ ಕೈತೊಳೆಯುವ ತೊಟ್ಟಿ, ನಡುವೆ ಕಂಪ್ಯೂಟರು, ಅದರ ಮುಂದೆ ದಿಂಬು ಕಟ್ಟಿದ ಕುರ್ಚಿ. ಮುಂದಿನ ಕೋಣೆಯಲ್ಲಿ ಹುಡುಗಿಯರು ರಕ್ತ ತೆಗೆಯುತ್ತಾರೆ, ಒಳಗಿನ ಕೋಣೆಯಲ್ಲಿ ಮೆಷಿನ್ನು ಅಂಕಿ ಹೇಳುತ್ತದೆ, ನಾರ್ಮಲಣ್ಣ ಅದನ್ನು ಹಾಳೆಯ ಮೇಲೆ ಅಚ್ಚುಕಟ್ಟಾಗಿ ಕೂರಿಸಿ ಲಕೋಟೆಗೆ ಹಾಕುತ್ತಾನೆ. ರಕ್ತದ ಸಹವಾಸ ಅವನಿಗಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಒಂದು ಸೀಸೆ ಕೈಜಾರಿ ಒಡೆದಿದ್ದನ್ನು ನೋಡಿ ಅವನು ನಿಂತಲ್ಲೇ ಕುಸಿದಿದ್ದ. ಆಮೇಲೆ ಈ ಸಂಗತಿಯನ್ನು ಅವನೂ ಆಡಲಿಲ್ಲ, ಹುಡುಗಿಯರಂತೂ ಅವನ ಎದುರಿಗೆ ಆಡಲಿಲ್ಲ.

ಅದಕ್ಕೂ ಮೊದಲು ಒಬ್ಬ ವಕೀಲರ ಕಚೇರಿಯಲ್ಲಿ ಆರು ವರ್ಷ ಬೆರಳು ಸವೆಸಿದ್ದ. ಅಲ್ಲಿ ಕಲಿತದ್ದರಲ್ಲಿ ಒಂದು ನಿಯಮ ಮಾತ್ರ ಅವನ ರಕ್ತಕ್ಕೇ ಇಳಿದಿತ್ತು: ಸಹಿ ಎಂದೂ ಹಾಳೆಯ ಮೇಲೆ ಒಂಟಿಯಾಗಿ ನಿಲ್ಲಬಾರದು. ಒಂಟಿ ಸಹಿಯ ಮೇಲೆ ಯಾರು ಬೇಕಾದರೂ ಏನು ಬೇಕಾದರೂ ಬರೆದುಕೊಂಡಾರು, ಮನೆ ಮಠ ಹೋದೀತು, ಎಂದು ವಕೀಲರು ದಿನಕ್ಕೆರಡು ಸಲ ಹೇಳುತ್ತಿದ್ದರು. ಮೂತ್ರದ ರಿಪೋರ್ಟಿನ ಕೆಳಗಿನ ಸಹಿಯಿಂದ ಯಾರ ಮನೆ ಹೋದೀತು ಎಂದು ನಾರ್ಮಲಣ್ಣ ಯೋಚಿಸಲಿಲ್ಲ. ನಿಯಮ ನಿಯಮವೇ. ಹೀಗಾಗಿ ಅವನ ಕೈಯಿಂದ ಹೊರಟ ರಿಪೋರ್ಟೆಲ್ಲ ಒಂದೇ ಹಾಳೆ. ಮೇಲೆ ಲ್ಯಾಬಿನ ಹೆಸರು, ನಡುವೆ ಅಂಕಿ, ಕೆಳಗೆ ಲ್ಯಾಬ್ ಡಾಕ್ಟರ ಸಹಿ ಮತ್ತು ಗುಂಡನೆಯ ಮೊಹರು. ಊರಿನ ಬೇರೆ ಲ್ಯಾಬುಗಳ ರಿಪೋರ್ಟು ಎರಡು ಮೂರು ಹಾಳೆಗೆ ಹರಿದದ್ದನ್ನು ಕಂಡರೆ, ಬೇರೆಯವರ ಮಕ್ಕಳು ಮೂಗು ಸುರಿಸಿಕೊಂಡು ತಿರುಗುವುದನ್ನು ಕಂಡವನಂತೆ ಮುಖ ಸಿಂಡರಿಸುತ್ತಿದ್ದ.

ಲ್ಯಾಬಿನಲ್ಲಿ ಟೈಪಿಸ್ಟನಾದವನು ಬೀದಿಯಲ್ಲಿ ಅರ್ಧ ಡಾಕ್ಟರಾಗಲು ಹೆಚ್ಚು ದಿನ ಹಿಡಿಯಲಿಲ್ಲ. ಅಂಕಿಯೊಂದು ಗಡಿ ದಾಟಿದರೆ ಕಂಪ್ಯೂಟರು ತಾನಾಗಿಯೇ ಅದರ ಪಕ್ಕ ಒಂದು ನಕ್ಷತ್ರ ಹಾಕುತ್ತದೆ. ನಾರ್ಮಲಣ್ಣನ ವೈದ್ಯಶಾಸ್ತ್ರವೆಲ್ಲ ಆ ನಕ್ಷತ್ರದಲ್ಲಿತ್ತು. ಯಾರಾದರೂ ರಿಪೋರ್ಟು ಹಿಡಿದು ಬಂದರೆ ಅದನ್ನು ಮೊದಲು ಬೆಳಕಿಗೆ ಹಿಡಿದು ನೋಡುವನು. ಹಾಗೆ ಯಾಕೆ ನೋಡುವನೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆಮೇಲೆ ಮೇಲಿಂದ ಕೆಳಗೆ ಬೆರಳು ಎಳೆಯುವನು. ನಕ್ಷತ್ರ ಇಲ್ಲದಿದ್ದರೆ "ನಾರ್ಮಲ್". ಒಂದಿದ್ದರೆ "ಸ್ವಲ್ಪ ಜಾಸ್ತಿ ಇದೆ, ಗಾಬರಿ ಬೇಡ". ಎರಡಿದ್ದರೆ "ಯಾವುದಕ್ಕೂ ಡಾಕ್ಟರ ಕಿವಿಗೊಮ್ಮೆ ಹಾಕಿ", ಡಾಕ್ಟರು ತನ್ನ ಕೈಕೆಳಗಿನವರೋ ಎಂಬಂತೆ. ಜನಕ್ಕೆ ಬೇಕಾಗಿದ್ದೂ ಮೊದಲನೆಯ ಮಾತೇ. ಅದನ್ನು ಕೇಳಿಸಿಕೊಂಡು ಹಗುರಾಗಿ ಹೋಗುತ್ತಿದ್ದರು.

ಅವನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಇಸ್ತ್ರಿ ಹಾಕುತ್ತಿದ್ದಳು. ಬೀದಿಗೆ ಮುಖ ಮಾಡಿದ ಉದ್ದನೆಯ ಮೇಜು, ಅದರ ಮೇಲೆ ಮಡಿಸಿದ ಕಂಬಳಿ, ಸುಟ್ಟ ಗುರುತಿನ ಬಿಳಿ ಬಟ್ಟೆ, ಎಡಕ್ಕೆ ಸುಕ್ಕು, ಬಲಕ್ಕೆ ಗರಿ. ನಲವತ್ತು ಕಿಲೋ ತೂಗದ ಕಡ್ಡಿಯಂಥ ಹೆಂಗಸು. ಇಸ್ತ್ರಿಪೆಟ್ಟಿಗೆಯೇ ಅವಳನ್ನು ಅತ್ತಿತ್ತ ಎಳೆದಾಡುತ್ತಿದೆಯೆಂದು ಗಿರಾಕಿಗಳು ನಗೆಯಾಡುತ್ತಿದ್ದರು. ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಬಿಸಿಯ ಮುಂದೆ ನಿಂತೇ ಇರಬೇಕು. ಬೆವರು ಸುರಿಯುತ್ತದೆ, ನೀರು ಕುಡಿಯುವುದಿಲ್ಲ. ಕುಡಿದರೆ ಹಿತ್ತಲಿಗೆ ಹೋಗಬೇಕು, ಅಲ್ಲಿ ನಾಲ್ಕು ಮನೆಗೆ ಸೇರಿ ಒಂದು ಕಕ್ಕಸು, ಅದರ ಮುಂದೆ ಯಾವಾಗಲೂ ಒಬ್ಬರು ಬಕೆಟ್ಟು ಹಿಡಿದು ನಿಂತಿರುತ್ತಾರೆ. ಬರುವಷ್ಟರಲ್ಲಿ ಯಾರದಾದರೂ ಕಾಲರು ಸುಟ್ಟಿರುತ್ತದೆ.

ಮಂಡಿ ನೋವು ಶುರುವಾದಾಗ ನಾರ್ಮಲಣ್ಣ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆಯ ಹಾಳೆ ತಂದುಕೊಟ್ಟ. ಚೀಟಿ ಎಲ್ಲಿ ಎಂದು ಅಂಗಡಿಯವನೂ ಕೇಳಲಿಲ್ಲ, ಲ್ಯಾಬಿನವರು ಎಂಬ ಗೌರವ. ಮೊದಲು ರಾತ್ರಿ ಊಟವಾದ ಮೇಲೆ ಒಂದು. ಬರಬರುತ್ತ ಬೆಳಿಗ್ಗೆ ಒಂದು, ಸಂಜೆ ಒಂದು. ಮದುವೆ ಸೀಸನ್ನಿನಲ್ಲಿ ಮಧ್ಯಾಹ್ನಕ್ಕೂ ಒಂದು. ಹೀಗೆ ಐದು ವರ್ಷ. ನೋವು ಎಲ್ಲಿಗೂ ಹೋಗಿರಲಿಲ್ಲ, ಮಾತ್ರೆಯ ಹಿಂದೆ ಅಡಗಿ ಕೂತಿತ್ತು.

ನಾಲ್ಕು ವರ್ಷದ ಹಿಂದೆ ಲ್ಯಾಬಿಗೆ ಹೊಸ ಮೆಷಿನ್ನು ಬಂತು. ಅದರ ಜೊತೆಗೆ ಒಂದು ಹೊಸ ಉಪದ್ರವವೂ ಬಂತು. ಕಿಡ್ನಿಯ ಪರೀಕ್ಷೆ ಎಂದರೆ ನಾರ್ಮಲಣ್ಣನಿಗೆ ಎರಡೇ ಸಾಲು ಗೊತ್ತಿದ್ದದ್ದು, ಯೂರಿಯಾ ಮತ್ತು ಕ್ರಿಯಾಟಿನಿನ್. ಈ ಮೆಷಿನ್ನು ಕ್ರಿಯಾಟಿನಿನ್ನಿನ ಕೆಳಗೆ ಇಜಿಎಫ್‌ಆರ್ ಎಂಬ ಇನ್ನೊಂದು ಸಾಲನ್ನು ತಾನಾಗಿ ಸೇರಿಸಿತು. ಅಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಐದು ಸಾಲಿನ ಟಿಪ್ಪಣಿ ಬೇರೆ. ಆ ಐದು ಸಾಲಿನ ಭಾರಕ್ಕೆ ಲ್ಯಾಬ್ ಡಾಕ್ಟರ ಸಹಿ ಜಾರಿ ಎರಡನೆಯ ಹಾಳೆಗೆ ಬಿತ್ತು. ಖಾಲಿ ಹಾಳೆಯ ನೆತ್ತಿಯ ಮೇಲೆ, ಒಂಟಿಯಾಗಿ.

ನಾರ್ಮಲಣ್ಣನಿಗೆ ಆ ದಿನ ಊಟ ಸೇರಲಿಲ್ಲ. ಅಕ್ಷರ ಕಿರಿದು ಮಾಡಿ ನೋಡಿದ, ಅಂಚು ಒತ್ತಿ ನೋಡಿದ, ಲ್ಯಾಬಿನ ಫೋನ್ ನಂಬರನ್ನು ಮೇಲಕ್ಕೆ ತಳ್ಳಿ ನೋಡಿದ. ಕೊನೆಗೆ ಸಂಜೆ ಲ್ಯಾಬ್ ಡಾಕ್ಟರು ಸಹಿ ಹಾಕಲು ಬಂದಾಗ, ಈ ಸಾಲನ್ನೂ ಟಿಪ್ಪಣಿಯನ್ನೂ ತೆಗೆದುಬಿಟ್ಟರೆ ಎಲ್ಲ ಮೊದಲಿನಂತೆ ಒಂದೇ ಹಾಳೆಗೆ ಕೂರುತ್ತದೆ ಎಂದು ವಿನಯದಿಂದ ಅರಿಕೆ ಮಾಡಿದ. ಡಾಕ್ಟರು ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ಸಹಿ ಗೀಚುತ್ತಿದ್ದರು. ಕ್ರಿಯಾಟಿನಿನ್ ಇದೆಯಲ್ಲ, ಬೇಕಾದವರು ಲೆಕ್ಕ ಹಾಕಿಕೊಳ್ಳುತ್ತಾರೆ, ತೆಗೀರಿ, ಎಂದರು. ನೀವಿಲ್ಲದಿದ್ದರೆ ಈ ಲ್ಯಾಬು ನಡೆಯೋದು ಕಷ್ಟ ಎಂದೂ ಸೇರಿಸಿದರು. ಆ ಕೊನೆಯ ಮಾತನ್ನು ನಾರ್ಮಲಣ್ಣ ಮನೆಗೆ ತಂದು ಹೆಂಡತಿಗೆ ಮೂರು ಸಲ ಹೇಳಿದ. ಅವಳು ಮೂರು ಸಲವೂ ಹೊಸದಾಗಿ ಕೇಳಿದವಳಂತೆ ಮುಖ ಅರಳಿಸಿದಳು.

ಲ್ಯಾಬಿನ ಸಿಬ್ಬಂದಿಯ ಮನೆಯವರಿಗೆ ವರ್ಷಕ್ಕೊಂದು ಸಲ ಪುಕ್ಕಟೆ ಪರೀಕ್ಷೆ. ಹೆಂಡತಿಯ ಕ್ರಿಯಾಟಿನಿನ್ ಮೊದಲ ವರ್ಷ ಒಂದು ಪಾಯಿಂಟ್ ಒಂದು. ಮರುವರ್ಷ ಒಂದು ಪಾಯಿಂಟ್ ಎರಡು. ಅದರ ಮರುವರ್ಷ ಒಂದು ಪಾಯಿಂಟ್ ಮೂರು. ಹಾಳೆಯ ಮೇಲೆ ಹಾಕಿದ ಗಡಿಯೂ ಒಂದು ಪಾಯಿಂಟ್ ಮೂರೇ, ಗಂಡಸರಿಗೂ ಹೆಂಗಸರಿಗೂ ಪೈಲ್ವಾನರಿಗೂ ಸೇರಿ ಒಂದೇ ಗಡಿ. ನಕ್ಷತ್ರ ಬೀಳಲಿಲ್ಲ. ಮೂರೂ ವರ್ಷ ನಾರ್ಮಲಣ್ಣ ಹಾಳೆಯನ್ನು ಬೆಳಕಿಗೆ ಹಿಡಿದ, ಬೆರಳು ಎಳೆದ, ತೀರ್ಪು ಕೊಟ್ಟ. ಅವಳು ಮೂರೂ ವರ್ಷ ಇಸ್ತ್ರಿಪೆಟ್ಟಿಗೆ ಎತ್ತಿಟ್ಟು, ಕೈ ಒರೆಸಿಕೊಂಡು ಕೇಳಿಸಿಕೊಂಡಳು. ಗಂಡನ ಮಾತನ್ನು ಅವಳಷ್ಟು ನಂಬಿದವರು ಬೀದಿಯಲ್ಲಿ ಬೇರೆ ಇರಲಿಲ್ಲ. ಒಮ್ಮೆ ಮೂತ್ರದಲ್ಲಿ ನೊರೆ ಬರುತ್ತಿದೆ, ಹೋಗುವುದೇ ಇಲ್ಲ ಎಂದು ಸಂಕೋಚದಿಂದ ಹೇಳಿದ್ದಳು. ಕಕ್ಕಸಿಗೆ ಹಾಕುವ ಪೌಡರಿನದು ಎಂದು ನಾರ್ಮಲಣ್ಣ ಅಲ್ಲೇ ಇತ್ಯರ್ಥ ಮಾಡಿದ. ಮೂತ್ರದ ಪರೀಕ್ಷೆಗೆ ಒಂದು ಡಬ್ಬಿ ಸಾಕಿತ್ತು. ಡಬ್ಬಿಗಳ ಪೆಟ್ಟಿಗೆ ಅವನ ಕುರ್ಚಿಯ ಕೆಳಗೇ ಇತ್ತು.

ನಾಲ್ಕನೆಯ ವರ್ಷ ಟೈಪು ಮಾಡುತ್ತಿದ್ದಾಗ ಹೆಂಡತಿಯ ಹಾಳೆಯ ಮೇಲೆ ನಕ್ಷತ್ರ ಬಿತ್ತು. ಎರಡು ಪಾಯಿಂಟ್ ಒಂಬತ್ತು. ನಾರ್ಮಲಣ್ಣ ರಕ್ತ ತೆಗೆದ ಹುಡುಗಿಯನ್ನು ಕರೆಸಿ, ಸೀಸೆ ಅದಲುಬದಲು ಮಾಡಿದ್ದೀಯ, ಯಾರ ರಕ್ತವನ್ನು ಯಾರ ತಲೆಗೆ ಕಟ್ಟಿದ್ದೀಯ ಎಂದು ನಾಲ್ಕು ಜನರೆದುರು ನೀರಿಳಿಸಿದ. ಹುಡುಗಿ ಅಳುತ್ತ ಮನೆಗೇ ಬಂದು ಇನ್ನೊಮ್ಮೆ ರಕ್ತ ತೆಗೆದುಕೊಂಡು ಹೋದಳು. ಮತ್ತೆ ಎರಡು ಪಾಯಿಂಟ್ ಒಂಬತ್ತು. ಹುಡುಗಿಯ ಬಳಿ ಅವನು ಕ್ಷಮೆ ಕೇಳಲಿಲ್ಲ, ತಪ್ಪನ್ನು ಮೆಷಿನ್ನಿನ ಮೇಲೆ ಹಾಕಿದ.

ಹೆಂಡತಿಗೆ, ಸ್ವಲ್ಪ ಜಾಸ್ತಿ ಇದೆ, ನೀರು ಸಾಲದು, ಕಿಡ್ನಿ ತೊಳೆದುಹೋಗಬೇಕು ಎಂದ. ದಿನಕ್ಕೆ ನಾಲ್ಕು ಲೀಟರಿನ ಲೆಕ್ಕ ಗೊತ್ತುಮಾಡಿ, ಇಸ್ತ್ರಿ ಮೇಜಿನ ಮೇಲೆ ಬಾಟಲಿ ಸಾಲಾಗಿ ನಿಲ್ಲಿಸಿ ಲ್ಯಾಬಿಗೆ ಹೋದ. ಅವಳು ಹೇಳಿದ್ದನ್ನು ಹೇಳಿದಂತೆ ಕುಡಿದಳು. ನೋವಿನ ಮಾತ್ರೆಯನ್ನೂ ತಪ್ಪಿಸಲಿಲ್ಲ, ಅದರ ಬಗ್ಗೆ ಅವನು ಏನೂ ಹೇಳಿರಲಿಲ್ಲವಲ್ಲ. ಹನ್ನೊಂದು ದಿನ. ಪಾದ ಊದಿ ಚಪ್ಪಲಿಗೆ ಹಿಡಿಸಲಿಲ್ಲ. ಬೆಳಿಗ್ಗೆ ಎದ್ದರೆ ಮುಖ ಹಿಟ್ಟಿನ ಉಂಡೆ. ನಾಲ್ಕು ಅಂಗಿ ಇಸ್ತ್ರಿ ಹಾಕುವಷ್ಟರಲ್ಲಿ ಏದುಸಿರು. ಹನ್ನೆರಡನೆಯ ದಿನ ಅವಳ ತಂಗಿ ಬಂದಳು. ಶಾಲೆಯ ವ್ಯಾನು ಓಡಿಸುವ ಹೆಂಗಸು, ಮಾತೂ ಅದೇ ವೇಗ. ಅಕ್ಕನ ಮುಖ ನೋಡಿದವಳೇ ಬಾಟಲಿಗಳನ್ನು ಚರಂಡಿಗೆ ಸುರಿದು, ಅಕ್ಕನನ್ನು ವ್ಯಾನಿಗೆ ಹತ್ತಿಸಿದಳು. ನಾರ್ಮಲಣ್ಣ ಫೈಲು ಹಿಡಿದುಕೊಂಡು ಹಿಂದಿನ ಸೀಟಿಗೆ ನುಗ್ಗಿದ. ಪುಟ್ಟ ಮಕ್ಕಳ ಸೀಟು, ಮಂಡಿ ಗದ್ದಕ್ಕೆ ತಾಗುತ್ತಿತ್ತು.

ಕಿಡ್ನಿ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮೊದಲು ಬಿ.ಪಿ. ನೋಡಿದರು. ನೋಡಿ ಇನ್ನೊಮ್ಮೆ ನೋಡಿದರು. ಇದನ್ನು ಈ ಹಿಂದೆ ಯಾವಾಗ ನೋಡಿಸಿದ್ದಿರಿ ಎಂದು ಕೇಳಿದರೆ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಹಳೆಯ ರಿಪೋರ್ಟು ಇದೆಯಾ ಎಂದಾಗ ನಾರ್ಮಲಣ್ಣನಿಗೆ ಜೀವ ಬಂತು. ವರ್ಷದ ಪ್ರಕಾರ ಜೋಡಿಸಿದ, ಪ್ಲಾಸ್ಟಿಕ್ ಹೊದಿಸಿದ ಹಾಳೆಗಳನ್ನು ಮೇಜಿನ ಮೇಲಿಟ್ಟು, ಲ್ಯಾಬಿನಲ್ಲೇ ಕೆಲಸ ಮೇಡಂ, ಎಲ್ಲ ಒಂದೊಂದೇ ಹಾಳೆ, ಎಂದ.

ಡಾಕ್ಟರು ಹಾಳೆಗಳನ್ನು ಪ್ಲಾಸ್ಟಿಕ್ಕಿನಿಂದ ಹೊರಗೆಳೆದರು. ಫೋನಿನಲ್ಲಿ ಏನೋ ಒತ್ತಿ, ಒಂದೊಂದು ಹಾಳೆಯ ಮೇಲೂ ಪೆನ್ಸಿಲಿನಿಂದ ಒಂದೊಂದು ಅಂಕಿ ಬರೆದು ಸಾಲಾಗಿ ಇಟ್ಟರು. ಅರವತ್ತೆರಡು, ಐವತ್ತೈದು, ನಲವತ್ತೊಂಬತ್ತು, ಹತ್ತೊಂಬತ್ತು.

"ಕಿಡ್ನಿ ನೂರಕ್ಕೆ ಇಷ್ಟು ಕೆಲಸ ಮಾಡ್ತಿದೆ ಅಂದ್ಕೊಳ್ಳಿ," ಎಂದರು ಹೆಂಡತಿಯ ಕಡೆ ತಿರುಗಿ.

ಒಂದು ಪಾಯಿಂಟ್ ಮೂರು ಗಡಿಯೊಳಗೇ ಇತ್ತಲ್ಲ ಎಂದು ನಾರ್ಮಲಣ್ಣ ಮೂಗು ತೂರಿಸಿದ. ಡಾಕ್ಟರು ಅವನಿಗೆ ಉತ್ತರ ಕೊಡದೆ ಅವಳಿಗೇ ಹೇಳಿದರು. ಕ್ರಿಯಾಟಿನಿನ್ ಎಂದರೆ ಮಾಂಸಖಂಡ ದಿನಾ ಮಾಡುವ ಕಸ. ಕಿಡ್ನಿ ಅದನ್ನು ಗುಡಿಸಿ ಹೊರಗೆ ಹಾಕುತ್ತದೆ. "ಹತ್ತು ಜನರ ಮನೆ ಬಾಗಿಲಲ್ಲಿ ಒಂದು ಬುಟ್ಟಿ ಕಸ ಉಳಿದಿದ್ರೆ ಏನೂ ಅಲ್ಲ ಅಮ್ಮ. ಇಬ್ಬರೇ ಇರೋ ಮನೆ ಬಾಗಿಲಲ್ಲೂ ಅಷ್ಟೇ ಕಸ ಇದ್ರೆ? ಗುಡಿಸೋರು ಸರಿಯಾಗಿ ಬರ್ತಿಲ್ಲ ಅಂತ. ನಿಮ್ಮ ಮೈಯಲ್ಲಿ ಮಾಂಸ ಎಲ್ಲಿದೆ? ನಿಮಗೆ ಒಂದು ಪಾಯಿಂಟ್ ಮೂರು ಅಂದ್ರೆ ಆಗಲೇ ಅರ್ಧ ಹೋಗಿತ್ತು." ಅದಕ್ಕೇ ವಯಸ್ಸು, ಗಂಡೋ ಹೆಣ್ಣೋ ಎಲ್ಲ ಸೇರಿಸಿ ಲೆಕ್ಕ ಹಾಕಿ ಇಜಿಎಫ್‌ಆರ್ ಎಂಬ ಈ ಇನ್ನೊಂದು ಅಂಕಿ ಕೊಡುವುದು ಎಂದರು. ಮೂರು ತಿಂಗಳಾದರೂ ಅದು ಅರವತ್ತರ ಕೆಳಗೇ ಇದ್ದರೆ ಸುಮ್ಮನೆ ಕೂರುವ ಹಾಗಿಲ್ಲ. ಜೊತೆಗೆ ಮೂತ್ರದಲ್ಲಿ ಪ್ರೋಟೀನು ಸೋರುತ್ತಿದೆಯಾ ಅಂತ ನೋಡಿದ್ದರೆ, ರಕ್ತಕ್ಕಿಂತ ಮೊದಲೇ ಅದು ಕೂಗಿ ಹೇಳುತ್ತಿತ್ತು. ಹೆಂಡತಿ ಮೆಲ್ಲಗೆ ನೊರೆಯ ವಿಷಯ ಹೇಳಿದಳು. ಡಾಕ್ಟರು ಪೆನ್ಸಿಲು ಕೆಳಗಿಟ್ಟರು.

ಮಾತ್ರೆಯ ವಿಷಯ ಬಂದಾಗ ತಂಗಿ ಅಕ್ಕನ ಚೀಲಕ್ಕೆ ಕೈಹಾಕಿ ಅರ್ಧ ಮುಗಿದ ಮಾತ್ರೆ ಹಾಳೆಯನ್ನು ಮೇಜಿನ ಮೇಲೆ ಎಸೆದಳು. ಇನ್ನು ಮೇಲೆ ಇದರ ನೆರಳೂ ಬೇಡ ಎಂದರು ಡಾಕ್ಟರು. ಯಾರೋ ಕೊಟ್ಟ ಪುಡಿ, ಕಷಾಯವೂ ಬೇಡ. ಬಿ.ಪಿ.ಗೆ ದಿನಾ ಮಾತ್ರೆ. ಉಪ್ಪು ಈಗಿನ ಅರ್ಧ. ನೀರು ಕುಡಿಯದೆ ಬೆಂಕಿಯ ಮುಂದೆ ನಿಂತಿದ್ದೂ ತಪ್ಪು, ಊದಿದ ಮೈಗೆ ನಾಲ್ಕು ಲೀಟರು ಸುರಿದದ್ದೂ ತಪ್ಪು, ಇನ್ನು ಅಳತೆ ನಾನು ಹೇಳುತ್ತೇನೆ. ಹೋದದ್ದು ವಾಪಸು ಬರುವುದಿಲ್ಲ, ಉಳಿದದ್ದನ್ನು ಎಷ್ಟು ದಿನ ಎಳೆಯಬಹುದೋ ನೋಡೋಣ, ವರ್ಷವೋ ಎರಡೋ, ಆಮೇಲೆ ಡಯಾಲಿಸಿಸ್. ಇಸ್ತ್ರಿ ಯಾವ ಕೈಯಲ್ಲಿ ಹಾಕುತ್ತೀರಿ ಎಂದು ಕೇಳಿದರು. ಬಲ ಎಂದಳು. ಹಾಗಾದರೆ ಎಡಗೈಗೆ ಇವತ್ತಿನಿಂದ ಯಾರೂ ಸೂಜಿ ಚುಚ್ಚಬಾರದು, ಅದರ ರಕ್ತನಾಳ ಮುಂದೆ ಡಯಾಲಿಸಿಸ್‌ಗೆ ಬೇಕಾಗುತ್ತದೆ. ಅವಳು ಆ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

ಎಲ್ಲ ಮುಗಿದ ಮೇಲೆ ಡಾಕ್ಟರು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಈಗ ಎಲ್ಲ ಲ್ಯಾಬಲ್ಲೂ ಆ ಸಾಲು ತಾನಾಗೇ ಬರುತ್ತದೆ, ಇಲ್ಲಿ ಯಾಕಿಲ್ಲ? "ಯಾವ ಪುಣ್ಯಾತ್ಮ ತೆಗೆದಿದ್ದು ಇದನ್ನ?"

"ನಮ್ಮ ಯಜಮಾನರೇ ಅಲ್ಲಿ ಟೈಪ್ ಮಾಡೋದು," ಎಂದಳು ಹೆಂಡತಿ, ಆ ಊದಿದ ಮುಖದಲ್ಲೂ ಒಂದಿಷ್ಟು ಹೆಮ್ಮೆಯಿಂದ. "ಅವರನ್ನೇ ಕೇಳಿ, ಅವರಿಗೆ ಎಲ್ಲ ಗೊತ್ತಿರುತ್ತೆ."

ನಾರ್ಮಲಣ್ಣ ಮೇಜಿನ ಮೇಲಿನ ಉಳಿದ ಹಾಳೆಗಳನ್ನು ಒಟ್ಟುಗೂಡಿಸತೊಡಗಿದ. "ನಮ್ಮ ಮೆಷಿನ್ನಲ್ಲಿ ಅದು ಬರಲ್ಲ ಮೇಡಂ," ಎಂದ.

ಸುಳ್ಳು ಹೇಳಿದ ಮೇಲಾದರೂ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಹಳೇ ಮೆಷಿನ್ನು, ಎಷ್ಟು ಸಲ ಹೇಳಿದರೂ ಲ್ಯಾಬ್ ಡಾಕ್ಟರು ಕಿವಿ ಮೇಲೆ ಹಾಕಿಕೊಳ್ಳುವುದಿಲ್ಲ ಎಂದು ಸೇರಿಸಿದ. ಇದನ್ನು ಕೇಳಿದ ತಂಗಿ ಮರುದಿನ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಇಳಿಸಿದವಳೇ ವ್ಯಾನನ್ನು ನೇರ ಲ್ಯಾಬಿನ ಮೆಟ್ಟಿಲಿಗೆ ತಂದು ನಿಲ್ಲಿಸಿದಳು. ಲ್ಯಾಬ್ ಡಾಕ್ಟರು ಅವತ್ತು ಏನೋ ಕೆಲಸಕ್ಕೆ ಬೇಗ ಬಂದಿದ್ದರು. ನಮ್ಮ ಅಕ್ಕನ ಕಿಡ್ನಿ ತಿಂದ ನಿಮ್ಮ ಗುಜರಿ ಮೆಷಿನ್ನು ತೋರಿಸಿ ಎಂದು ಅವಳು ಕೂತಿದ್ದ ಗಿರಾಕಿಗಳೆದುರಿಗೇ ಕೇಳಿದಳು. ಡಾಕ್ಟರು ಮೆಷಿನ್ನು ತೋರಿಸಿದರು. ಸಾಲು ತೋರಿಸಿದರು. ಅದನ್ನು ತೆಗೆಸಿದವರನ್ನೂ ತೋರಿಸಿದರು. ನಾನು ಸಹಿ ಹಾಕುವವನು ಅಷ್ಟೇ ಅಮ್ಮ, ಹಾಳೆಯ ಕೆಲಸವೆಲ್ಲ ನಿಮ್ಮ ಭಾವನವರದು, ಎಂದು ಕೈ ತೊಳೆದುಕೊಂಡರು. ಆಗ ನಾರ್ಮಲಣ್ಣ ಫ್ರಿಜ್ಜಿನ ಪಕ್ಕ ನಿಂತಿದ್ದ. ಅವನು ಬೈದಿದ್ದ ಹುಡುಗಿ ಹತ್ತಿ ಸುತ್ತುತ್ತ ಕೂತಿದ್ದಳು. ಒಮ್ಮೆ ಅವನನ್ನು ತಲೆಯಿಂದ ಪಾದದವರೆಗೆ ನೋಡಿ ಮತ್ತೆ ಹತ್ತಿ ಸುತ್ತಿದಳು.

ತಂಗಿ ಅಲ್ಲಿಂದ ಅಕ್ಕನ ಹತ್ತಿರ ಹೋಗಿದ್ದಾಳೆಂದು ಅವನಿಗೆ ಗೊತ್ತಿತ್ತು. ಸಂಜೆಯವರೆಗೂ ಮಾತು ಹೆಣೆದ. ಇಷ್ಟು ದೊಡ್ಡ ತಪ್ಪು ಮಾಡಿದವನಿಗೆ ತಕ್ಕಂತೆ ಮಾತೂ ದೊಡ್ಡದಿರಬೇಕು ಎನ್ನಿಸಿತು. ನಿನ್ನ ಪ್ರಾಣ ತೆಗೆದವನು ನಾನೇ, ನನ್ನನ್ನು ಕ್ಷಮಿಸಬೇಡ, ಇಲ್ಲಿಂದ ಶುರು ಮಾಡಿ, ಒಂದು ಕಿಡ್ನಿ ಕೊಡುತ್ತೇನೆಂಬಲ್ಲಿಗೆ ಮುಗಿಸುವುದು. ದಾರಿಯಲ್ಲಿ ಒಂದೆರಡು ಸಲ ತುಟಿ ಅಲುಗಿಸಿ ನೋಡಿದ. ತನ್ನ ಮಾತಿಗೆ ತನಗೇ ಕಣ್ಣು ತುಂಬಿತು.

ಹೆಂಡತಿ ಸ್ಟೂಲಿನ ಮೇಲೆ ಕೂತು ಊದಿದ ಕಾಲನ್ನು ಬಟ್ಟೆಯ ಗಂಟಿನ ಮೇಲೆ ಇಟ್ಟುಕೊಂಡಿದ್ದಳು. ಅಳುತ್ತಿರಲಿಲ್ಲ. ತಂಗಿ ಗೋಡೆಗೊರಗಿ ನಿಂತಿದ್ದಳು. ನಾರ್ಮಲಣ್ಣ "ನಿನ್ನ ಪ್ರಾಣ..." ಎನ್ನುವಷ್ಟರಲ್ಲಿ ಹೆಂಡತಿ ಕೈಯೆತ್ತಿ ತಡೆದಳು.

"ಒಂದು ಕೇಳ್ತೀನಿ. ಆ ಸಾಲು ಅಲ್ಲೇ ಇದ್ದಿದ್ರೆ ನಿಮಗೆ ಅರ್ಥ ಆಗ್ತಿತ್ತಾ?"

ಅವನು ತಡವರಿಸಿದ. ಅದರ ಕೆಳಗೆ ಟಿಪ್ಪಣಿ ಇತ್ತು, ಐದು ಸಾಲು, ಎಂದ.

"ಏನಿತ್ತು ಅದರಲ್ಲಿ?"

ನಾರ್ಮಲಣ್ಣ ಬಾಯಿ ತೆರೆದ. ಆ ಐದು ಸಾಲಿನ ಉದ್ದ ಗೊತ್ತಿತ್ತು, ಅಗಲ ಗೊತ್ತಿತ್ತು, ಅಕ್ಷರದ ಅಳತೆ ಗೊತ್ತಿತ್ತು. ಅವು ಸಹಿಯನ್ನು ಎಷ್ಟು ಕೆಳಗೆ ತಳ್ಳುತ್ತವೆಂಬುದು ಕೂದಲೆಳೆಯಷ್ಟು ತಪ್ಪಿಲ್ಲದೆ ಗೊತ್ತಿತ್ತು.

"ಓದಿರಲಿಲ್ಲ," ಎಂದ.

"ಹಾಗಾದ್ರೆ ಬಿಡಿ," ಎಂದಳು ಹೆಂಡತಿ. "ಇದ್ದಿದ್ರೂ ಅಷ್ಟೇ, ತೆಗೆದಿದ್ರೂ ಅಷ್ಟೇ. ನಾನು ನಿಮ್ಮನ್ನೇ ಕೇಳ್ತಿದ್ದೆ, ನೀವು ಅದೇ ಹೇಳ್ತಿದ್ರಿ."

ತಂಗಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಭಾವ, ಅಪರಾಧ ಮಾಡೋಕೂ ಸ್ವಲ್ಪ ತಲೆ ಬೇಕು, ಎಂದಳು. ಕಿಡ್ನಿಯ ಮಾತನ್ನು ನಾರ್ಮಲಣ್ಣ ಆಡಿಯೇ ಆಡಿದ. ಹೆಂಡತಿ ಅದನ್ನು ಕೇಳಿಸಿಕೊಂಡಳು, ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಕೊಡಬಹುದೋ ಇಲ್ಲವೋ ಡಾಕ್ಟರು ಹೇಳುತ್ತಾರೆ, ಆ ಪರೀಕ್ಷೆಗಳನ್ನು ಬೇರೆ ಕಡೆ ಮಾಡಿಸಿ, ಎಂದಷ್ಟೇ ಹೇಳಿ ಕಾಲು ಇಳಿಸಿದಳು.

ಮರುದಿನದಿಂದ ಲ್ಯಾಬಿನ ರಿಪೋರ್ಟಿಗೆ ಆ ಸಾಲು ವಾಪಸು ಬಂತು, ಸಹಿ ಎರಡನೆಯ ಹಾಳೆಗೆ ಹೋಯಿತು. ಲ್ಯಾಬ್ ಡಾಕ್ಟರು ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಅಷ್ಟು ಕಡಿಮೆ ಸಂಬಳಕ್ಕೆ ಅಷ್ಟು ವೇಗವಾಗಿ ಟೈಪು ಮಾಡುವವರು ಸಿಗುವುದಿಲ್ಲ. ಬೆಂಕಿಯ ಮುಂದೆ ನಿಲ್ಲಬಾರದೆಂದು ಕಿಡ್ನಿ ಡಾಕ್ಟರು ಹೆಂಡತಿಗೆ ಹೇಳಿದ್ದರಿಂದ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಇಸ್ತ್ರಿ ಅವನ ಪಾಲಿಗೆ ಬಂತು. ಅವಳು ಸ್ಟೂಲಿನ ಮೇಲೆ ಕೂತು, ತೋಳು ಮೊದಲು, ಕಾಲರು ಆಮೇಲೆ ಎಂದು ಹೇಳಿಕೊಡುತ್ತಿದ್ದಳು. ಅವನು ಮೊದಲ ತಿಂಗಳಲ್ಲಿ ಏಳು ಅಂಗಿ ಸುಟ್ಟ. ಅವಳು ಬೈಯಲಿಲ್ಲ, ಅಂಗಿಯವರ ಹತ್ತಿರ ತಾನೇ ತಪ್ಪಾಯಿತೆಂದಳು. ಮೂರು ತಿಂಗಳಿಗೊಮ್ಮೆ ತಂಗಿಯ ವ್ಯಾನಿನಲ್ಲಿ ಹೋಗಿ ಬಲಗೈಯಿಂದ ರಕ್ತ ಕೊಟ್ಟು ಬರುತ್ತಾಳೆ. ಹತ್ತೊಂಬತ್ತು ಹದಿನೆಂಟಾಗಿದೆಯೋ ಹದಿನೈದಾಗಿದೆಯೋ ನಾರ್ಮಲಣ್ಣನಿಗೆ ಗೊತ್ತಿಲ್ಲ. ಆ ರಿಪೋರ್ಟು ಅವಳ ಸೀರೆಗಳ ನಡುವೆ ಇರುತ್ತದೆ, ಕೇಳಿದರೆ ಡಾಕ್ಟರು ನೋಡಿದ್ದಾರೆ ಎನ್ನುತ್ತಾಳೆ.

ಒಂದು ಸಂಜೆ ಎದುರುಮನೆಯ ಬಡಗಿ ಲಕೋಟೆ ಹಿಡಿದು ಬಂದ. ಮರ ಹೊತ್ತು ಹೊತ್ತು ಸೊಂಟ ನೋವು, ಮಾತ್ರೆ ನುಂಗಿ ನುಂಗಿ ಸಾಕಾಗಿ ಕಿಡ್ನಿ ಪರೀಕ್ಷೆ ಮಾಡಿಸಿದ್ದ. ಎರಡು ಹಾಳೆ ಇದೆ, ಅದರಲ್ಲಿ ಏನೇನೋ ಇದೆ, ಸ್ವಲ್ಪ ನೋಡಿ ಹೇಳಣ್ಣ, ಎಂದ. ನಾರ್ಮಲಣ್ಣ ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ಕೈ ಚಾಚಿದ. ಇಪ್ಪತ್ತೆರಡು ವರ್ಷದ ಕೈ, ತಾನಾಗಿ ಚಾಚಿತು.

"ಅವರ ಕೈಗೆ ಕೊಡಬೇಡಿ," ಎಂದಳು ಹೆಂಡತಿ, ಕೂತಲ್ಲಿಂದಲೇ, ಧ್ವನಿ ಏರಿಸದೆ. "ಅವರಿಗೆ ಓದಕ್ಕೆ ಬರಲ್ಲ. ನಾಳೆ ಬೆಳಿಗ್ಗೆ ಡಾಕ್ಟರಿಗೆ ತೋರಿಸಿ. ಮಾತ್ರೆ ಇವತ್ತೇ ನಿಲ್ಲಿಸಿ."

ಬಡಗಿ ತಮಾಷೆಯೆಂದುಕೊಂಡು ಜೋರಾಗಿ ನಕ್ಕ. ನಾರ್ಮಲಣ್ಣನೂ ನಕ್ಕ. ಹೆಂಡತಿ ನಗಲಿಲ್ಲ. ಬಡಗಿ ನಗುವನ್ನು ಅರ್ಧಕ್ಕೇ ನಿಲ್ಲಿಸಿ, ಒಮ್ಮೆ ಇವಳನ್ನು ಒಮ್ಮೆ ಅವನನ್ನು ನೋಡಿ, ಲಕೋಟೆಯನ್ನು ಜೇಬಿಗೆ ತುರುಕಿಕೊಂಡು ಬೀದಿ ದಾಟಿದ.